ಲ್ಯಾಂಡ್‌ಸ್ಕೇಪ್ ಓದಬೇಕೆನ್ನುವ ಮಗಳ ಬಗ್ಗೆ

ಬಿ.ಆರ್ಕ್ ಮುಗಿಸಿದ ಮಗಳು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ (ತೋಟ, ಅಂಗಳದಂಥ ಹೊರಜಾಗಗಳ ವಿನ್ಯಾಸ) ಓದುತ್ತೇನೆ ಅಂತಿದ್ದಾಳೆ, ಗಿಡ ನೆಡೋದಕ್ಕೆ ಇನ್ನೂ ಎರಡು ವರ್ಷ ಯಾಕೆ, ಹೆಣ್ಣುಮಕ್ಕಳಿಗೆ ಸೈಟ್ ಕೆಲಸ ಆಗುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ಓದಿಸಿ ಸರ್.

ಗಿಡ ಆರಿಸುವುದು ಈ ಕೆಲಸದಲ್ಲಿ ಒಂದು ಪಾಲು ಅಷ್ಟೇ. ಅಪಾರ್ಟ್‌ಮೆಂಟ್ ಒಂದನ್ನೇ ತಗೊಳ್ಳಿ. ಕೆಳಗೆ ಪಾರ್ಕಿಂಗ್, ಅದರ ಮೇಲೆ ತೋಟ. ಮರ ನಿಲ್ಲಬೇಕಾದರೆ ಒಂದು ಮೀಟರ್ ಆಳವಾದರೂ ಮಣ್ಣು ಬೇಕು. ಮಳೆಯಲ್ಲಿ ನೆನೆದಾಗ ಆ ಮಣ್ಣು ಚದರ ಮೀಟರಿಗೆ ಹತ್ತಿರಹತ್ತಿರ 2 ಟನ್ ತೂಗುತ್ತದೆ. ಸ್ಲ್ಯಾಬ್ ಅದನ್ನು ಹೊರಬೇಕು, ನೀರು ನಿಲ್ಲದೆ ಇಳಿದು ಹೋಗಬೇಕು, ಬೇರು ವಾಟರ್‌ಪ್ರೂಫಿಂಗ್ ಸೀಳಬಾರದು. ಇದನ್ನೆಲ್ಲ ಕಟ್ಟಡದ ನಕ್ಷೆ ಬರೆಯುವಾಗಲೇ ಲೆಕ್ಕ ಹಾಕಬೇಕು. ಆ ಲೆಕ್ಕ ಕಲಿಯುವುದಕ್ಕೇ ಎರಡು ವರ್ಷ.

ಸೈಟ್ ವಿಷಯಕ್ಕೆ ಬಂದರೆ, ಮಗಳಿಗೆ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಕಾರ್ನೆಲಿಯಾ ಹಾನ್ ಓಬರ್‌ಲ್ಯಾಂಡರ್ ಬಗ್ಗೆ ಓದಲು ಹೇಳಿ. ಜರ್ಮನಿಯಲ್ಲಿ ಹುಟ್ಟಿದ ಯಹೂದಿ ಹುಡುಗಿ, ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕ ಸೇರಿ 1947ರಲ್ಲಿ ಹಾರ್ವರ್ಡ್‌ನಲ್ಲಿ ಈ ಪದವಿ ಪಡೆದರು. ಆಮೇಲೆ ಕೆನಡಾದ ವ್ಯಾಂಕೂವರ್‌ಗೆ ಬಂದು ನೆಲೆಸಿದರು. ಅಲ್ಲಿನ ರಾಬ್ಸನ್ ಸ್ಕ್ವೇರ್‌ನಲ್ಲಿ ಸರ್ಕಾರಿ ಕಚೇರಿಗಳ ಚಾವಣಿ ಮೇಲೆ ಮರಗಳಿರುವ ತೋಟ ಮಾಡಿದ್ದು ಅವರೇ. ತೊಂಬತ್ತು ದಾಟಿದ ಮೇಲೂ ಕೆಲಸ ಬಿಟ್ಟವರಲ್ಲ. ಇಂಥವರ ಹೆಸರು ನಮ್ಮ ಕಾಲೇಜುಗಳಲ್ಲಿ ಇನ್ನೂ ಹೆಚ್ಚು ಕೇಳಿಬರಬೇಕು ಅನ್ನೋದು ನನ್ನ ಆಸೆ.

ದೆಹಲಿಯ ಎಸ್‌ಪಿಎ (ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್), ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ ಎರಡರಲ್ಲೂ ಇದರ ಮಾಸ್ಟರ್ಸ್ ಇದೆ. ಸೇರುವ ಮುಂಚೆ ಯಾವುದಾದರೂ ಲ್ಯಾಂಡ್‌ಸ್ಕೇಪ್ ಆಫೀಸಿನಲ್ಲಿ ಒಂದು ಮಳೆಗಾಲ ಕೆಲಸ ಮಾಡಲಿ. ನೀರು ಎಲ್ಲಿ ನಿಲ್ಲುತ್ತೆ, ಎಲ್ಲಿ ಹರಿಯುತ್ತೆ ಅಂತ ಆಗಲೇ ಕಣ್ಣಿಗೆ ಬೀಳೋದು.