ಸಣ್ಣ ಕ್ರೀಡಾಸಂಘಕ್ಕೆ ಕ್ಲೌಡ್ ಸಾಫ್ಟ್‌ವೇರ್ ಬೇಕೆ?

ಪ್ರಶ್ನೆ: ನಮ್ಮ ಊರಿನ ಆರ್ಟ್ಸ್ ಆಂಡ್ ಸ್ಪೋರ್ಟ್ಸ್ ಕ್ಲಬ್ಬಿಗೆ ಒಂದು ಷಟಲ್ ಕೋರ್ಟ್, ಒಂದು ವಾಲಿಬಾಲ್ ಅಂಗಣ ಇವೆ, ರಜೆಯಲ್ಲಿ ಮಕ್ಕಳಿಗೆ ಕಬಡ್ಡಿ ತರಬೇತಿಯನ್ನೂ ಕೊಡುತ್ತೇವೆ. ವಂತಿಗೆಯ ಲೆಕ್ಕ ಕಾರ್ಯದರ್ಶಿಯವರ ಪುಸ್ತಕದಲ್ಲಿದೆ, ಕೋರ್ಟಿನ ಸಮಯ ವಾಟ್ಸಾಪ್ ಗುಂಪಿನಲ್ಲಿ ನಿರ್ಧಾರವಾಗುತ್ತದೆ. ಕ್ಲೌಡ್ ಸಾಫ್ಟ್‌ವೇರ್ ತೆಗೆದುಕೊಳ್ಳಿ ಎಂದು ಒಂದು ಕಂಪೆನಿಯವರು ಒತ್ತಾಯಿಸುತ್ತಿದ್ದಾರೆ. ನಮ್ಮಂಥವರಿಗೆ ಅದರಿಂದ ಪ್ರಯೋಜನ ಉಂಟೆ?
– ಕೋಶಾಧಿಕಾರಿ, ಬದಿಯಡ್ಕ

ಉತ್ತರ: ಖಂಡಿತ ಉಂಟು. ಕಂಪೆನಿಯವರು ಸಾಮಾನ್ಯವಾಗಿ ಕೆಲಸ ಹಗುರಾಗುತ್ತದೆ ಎಂಬುದನ್ನೇ ಮುಂದಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಲಾಭವೆಂದರೆ, ಸಂಘದ ದಾಖಲೆ ಒಬ್ಬರ ಕೈಯಿಂದ ಬಿಡುಗಡೆಯಾಗಿ ಸಂಘದ್ದೇ ಆಗುವುದು. ಕಾಸರಗೋಡಿನ ಸಂಘಗಳಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ವೀಸಾ ಬಂದೊಡನೆ ಕಾರ್ಯದರ್ಶಿ ದುಬೈಗೋ ದೋಹಾಕ್ಕೋ ಹೊರಡುತ್ತಾರೆ. ಯಾರ ವಂತಿಗೆ ಎಷ್ಟು ಬಾಕಿ, ಯಾರಿಗೆ ಮುಂಗಡ ಕೊಟ್ಟಿದೆ ಎಂಬುದೆಲ್ಲ ಅವರ ಮೊಬೈಲಿನೊಂದಿಗೇ ವಿಮಾನ ಹತ್ತುತ್ತದೆ. ಕ್ಲೌಡ್ ವ್ಯವಸ್ಥೆಯಲ್ಲಿ ದಾಖಲೆಗಳು ದೂರದ ಸರ್ವರ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ತಲುಪುವ ಕಂಪ್ಯೂಟರಿನಲ್ಲಿ, ಇರುವುದರಿಂದ, ಹೊಸ ಸಮಿತಿ ಹಳಬರ ಪ್ರವೇಶವನ್ನು ರದ್ದುಪಡಿಸಿ ಹೊಸಬರಿಗೆ ಕೊಟ್ಟರೆ ಅಧಿಕಾರ ಹಸ್ತಾಂತರ ಮುಗಿಯಿತು. ನಿಮ್ಮ ಸಂಘ 1860ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾವಣೆಯಾಗಿದ್ದರೆ, ವಾರ್ಷಿಕ ಮಹಾಸಭೆಯ ನಂತರದ 14 ದಿನಗಳೊಳಗೆ ಆಡಳಿತ ಸಮಿತಿಯ ಪಟ್ಟಿಯನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕಾಗುತ್ತದೆ; ಆ ಕೆಲಸದ ಜೊತೆಗೇ ಪಾಸ್‌ವರ್ಡ್ ಬದಲಾವಣೆಯನ್ನೂ ಸೇರಿಸಿಕೊಳ್ಳಿ. ಮಳೆಗಾಲದ ತೇವಕ್ಕೂ ಗೆದ್ದಲಿಗೂ ಪುಸ್ತಕ ಬಲಿಯಾಗುವ ಭಯವೂ ಇರುವುದಿಲ್ಲ.

ಇನ್ನು ಕೋರ್ಟಿನ ವಿಷಯ. ಸಂಜೆ 6ರಿಂದ 7ರ ಸಮಯವನ್ನು ಒಂದು ತಂಡ ಬೆಳಿಗ್ಗೆಯೇ ಗುಂಪಿನಲ್ಲಿ ಬರೆದಿರುತ್ತದೆ. ಆಮೇಲೆ ಬಂದ ಹತ್ತಾರು ಸಂದೇಶಗಳ ಅಡಿಯಲ್ಲಿ ಅದು ಕಾಣದೆ ಹೋಗಿ ಇನ್ನೊಂದು ತಂಡವೂ ಅದೇ ಹೊತ್ತಿಗೆ ರ‍್ಯಾಕೆಟ್ ಹಿಡಿದು ಬಂದು ನಿಲ್ಲುತ್ತದೆ. ಬುಕಿಂಗ್ ಸಾಫ್ಟ್‌ವೇರ್‌ನಲ್ಲಿ ಎಲ್ಲರ ಮೊಬೈಲಿಗೂ ಕಾಣುವುದು ಒಂದೇ ವೇಳಾಪಟ್ಟಿ. ಒಬ್ಬರು ಆ ಗಂಟೆಯನ್ನು ಕಾಯ್ದಿರಿಸಿದ ಕ್ಷಣಕ್ಕೆ ಸರ್ವರ್ ಅದನ್ನು ಬೀಗ ಹಾಕಿದಂತೆ ಮುಚ್ಚುತ್ತದೆ. ಎರಡನೆಯವರಿಗೆ ಖಾಲಿ ಇರುವ ಬೇರೆ ಸಮಯ ಮಾತ್ರ ಕಾಣುತ್ತದೆ. ತಿಂಗಳ ಕೊನೆಗೆ ಯಾವ ಗಂಟೆ ಸದಾ ತುಂಬಿರುತ್ತದೆ, ಯಾವುದು ಖಾಲಿ ಬಿದ್ದಿರುತ್ತದೆ ಎಂಬ ಚಿತ್ರವೂ ಸಿಗುವುದರಿಂದ, ಖಾಲಿ ಬೀಳುವ ಮಧ್ಯಾಹ್ನದ ಹೊತ್ತನ್ನು ಹೆಣ್ಣುಮಕ್ಕಳ ತರಬೇತಿಗೆ ಮೀಸಲಿಡುವಂಥ ತೀರ್ಮಾನಗಳನ್ನು ಸಮಿತಿ ಆಧಾರಸಹಿತ ತೆಗೆದುಕೊಳ್ಳಬಹುದು. ನಮ್ಮ ಊರುಗಳ ಕ್ರೀಡಾಂಗಣಗಳು ಸಂಜೆಯ ಗಂಡಸರಿಗಷ್ಟೇ ಸೀಮಿತವಾಗಿ ಉಳಿಯಬಾರದೆಂದು ನನಗೆ ಬಹಳ ಆಸೆಯಿದೆ.

ಖರ್ಚಿನ ಬಗ್ಗೆ ಎಚ್ಚರವಿರಲಿ. ಇಲ್ಲಿ ಒಮ್ಮೆ ಕೊಂಡು ಮುಗಿಯುವುದಿಲ್ಲ, ವರ್ಷವರ್ಷವೂ ಚಂದಾ ಕಟ್ಟಬೇಕು. ಅದರ ಮೇಲೆ ಶೇ. 18 ಜಿಎಸ್‌ಟಿ ಬರುತ್ತದೆ. ಜಿಎಸ್‌ಟಿ ನೋಂದಣಿಯಿಲ್ಲದ ಸಂಘಕ್ಕೆ ಆ ತೆರಿಗೆ ಹಿಂದಿರುಗುವುದಿಲ್ಲ. ಯುಪಿಐ ಪಾವತಿಗೆ 2020ರಿಂದ ವ್ಯಾಪಾರಿ ಶುಲ್ಕವಿಲ್ಲ ನಿಜ, ಆದರೆ ಸಾಫ್ಟ್‌ವೇರ್‌ನೊಳಗಿನ ಪಾವತಿ ಸೇವೆಗೆ ಕಂಪೆನಿ ಪ್ರತ್ಯೇಕ ಶುಲ್ಕ ಹಾಕಬಹುದು. ಸಹಿ ಹಾಕುವ ಮೊದಲು ಈ ಮಾತನ್ನು ಬರಹದಲ್ಲಿ ಪಡೆಯಿರಿ: ನಾವು ಬಿಟ್ಟುಹೋಗುವಾಗ ನಮ್ಮ ಸದಸ್ಯರ ಪಟ್ಟಿ, ಲೆಕ್ಕ ಎಲ್ಲವನ್ನೂ ಎಕ್ಸೆಲ್ ಕಡತವಾಗಿ ಹೊರತೆಗೆಯಲು ಬರುತ್ತದೆಯೇ? ಇಲ್ಲವೆಂದಾದರೆ ಆ ಕಂಪೆನಿ ಬೇಡ. ರಶೀದಿಯಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಹೆಸರುಗಳು ಒತ್ತಕ್ಷರ ಒಡೆಯದೆ ಮುದ್ರಣವಾಗುತ್ತವೆಯೇ ಎಂದು ನಿಮ್ಮ ಎದುರಿಗೇ ಮಾಡಿಸಿ ನೋಡಿ.

ಸದಸ್ಯರು ನೂರರೊಳಗಿದ್ದರೆ ಮೊದಲ ವರ್ಷ ಹಣ ಕೊಡುವ ಅಗತ್ಯವೇ ಇಲ್ಲವೆಂಬುದು ನನ್ನ ಅಭಿಪ್ರಾಯ. ಗೂಗಲ್ ಶೀಟ್ಸ್ ಕೂಡ ಕ್ಲೌಡ್ ಸಾಫ್ಟ್‌ವೇರೇ. ಉಚಿತ ಖಾತೆಯೊಂದಕ್ಕೆ 15 ಜಿಬಿ ಜಾಗ ಸಿಗುತ್ತದೆ, ಯಾರು ಯಾವಾಗ ಏನು ತಿದ್ದಿದರೆಂಬುದೂ ಉಳಿಯುತ್ತದೆ. ಖಾತೆಯನ್ನು ಮಾತ್ರ ಯಾರದೋ ಸ್ವಂತ ಹೆಸರಿನಲ್ಲಿ ತೆರೆಯದೆ ಸಂಘದ ಹೆಸರಿನಲ್ಲೇ ತೆರೆಯಿರಿ.

ಪ್ರಶ್ನೆ: ತರಬೇತಿಗೆ ಬರುವ ಮಕ್ಕಳ ಜನ್ಮದಿನಾಂಕ, ಫೋಟೊಗಳನ್ನು ಇಂಥ ಸಾಫ್ಟ್‌ವೇರ್‌ನಲ್ಲಿ ಇಡಬಹುದೆ? ಮಳೆಗಾಲದಲ್ಲಿ ನೆಟ್ ಕೈಕೊಟ್ಟರೆ ಏನು ಗತಿ?
– ತರಬೇತುದಾರರು, ಮಂಜೇಶ್ವರ

ಉತ್ತರ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲರೂ ಮಕ್ಕಳೇ, ಅವರ ವಿವರಗಳನ್ನು ಬಳಸಲು ಹೆತ್ತವರ ಒಪ್ಪಿಗೆ ಬೇಕೆಂದು ಅದು ಹೇಳುತ್ತದೆ. ಪ್ರವೇಶ ಅರ್ಜಿಯಲ್ಲೇ ಆ ಸಹಿ ಪಡೆದುಕೊಳ್ಳಿ. ವಯೋಮಿತಿಯ ಪಂದ್ಯಗಳಿಗೆ ಜನ್ಮದಿನಾಂಕ ಬೇಕೇ ಬೇಕು, ಆದರೆ ಆಧಾರ್ ಪ್ರತಿಯನ್ನು ಅಲ್ಲಿ ಸೇರಿಸುವ ಅಗತ್ಯ ನನಗೆ ಕಾಣುವುದಿಲ್ಲ. ಮಕ್ಕಳ ಪುಟವನ್ನು ತರಬೇತುದಾರರೂ ಕಾರ್ಯದರ್ಶಿಯೂ ಮಾತ್ರ ತೆರೆಯುವಂತೆ ಅನುಮತಿ ಹೊಂದಿಸಿ. ನೆಟ್ಟಿನ ಮಟ್ಟಿಗೆ, ಮರುದಿನದ ವೇಳಾಪಟ್ಟಿಯನ್ನೂ ಮಕ್ಕಳ ಹೆತ್ತವರ ಫೋನ್ ಸಂಖ್ಯೆಗಳನ್ನೂ ಹಿಂದಿನ ಸಂಜೆಯೇ ಮುದ್ರಿಸಿಡಿ. ಆಡುವಾಗ ಮಗುವಿಗೆ ಪೆಟ್ಟಾದರೆ ಆ ಸಂಖ್ಯೆ ಒಡನೆ ಸಿಗಬೇಕು, ಕರೆಂಟು ಇದ್ದರೂ ಇಲ್ಲದಿದ್ದರೂ.