ಆಳಂದದ ಮಾಸ್ತರರ ಅಂಕಪಟ್ಟಿ

ನಮ್ಮ ಕಲಬುರಗಿ ಜಿಲ್ಲೆಯ ಆಳಂದದಿಂದ ಪ್ರೌಢಶಾಲೆಯ ಮಾಸ್ತರರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಸರ್ಕಾರಿ ನೌಕರಿ, ಅರ್ಥವಾಗುತ್ತದೆ. ಒಂಬತ್ತನೇ ತರಗತಿ ಮಕ್ಕಳಿಂದ ಅವರು ಒಂದು ಪ್ರಾಜೆಕ್ಟ್ ಮಾಡಿಸಿದ್ದಾರೆ. ನಮ್ಮ ಭಾಗದ ಸಂಸದರಿಗೆ ಅಂಕ ಹಾಕುವುದು. ಹಾಜರಾತಿಗೆ 25, ಕೇಳಿದ ಪ್ರಶ್ನೆಗಳಿಗೆ 25, ಚರ್ಚೆಯಲ್ಲಿ ಮಾತಾಡಿದ್ದಕ್ಕೆ 25, ಮತ ಹಾಕಿದ ದಾಖಲೆಗೆ 25. ಡ್ರಾಯಿಂಗ್ ಶೀಟಿನ ಮೇಲೆ ಸ್ಕೇಲು ಹಿಡಿದು ಕೆಂಪು ಗೆರೆ ಹೊಡೆದಿದ್ದಾರೆ. ಕೊನೆಯ ಕಾಲಂ ಮಾತ್ರ ಖಾಲಿ.

ಅವರ ಪ್ರಶ್ನೆ ಇದು: ‘ಅಮೆರಿಕದಲ್ಲಿ ಯಾವ ಸದಸ್ಯ ಯಾವ ಮಸೂದೆಗೆ ಹೌದು ಅಂದ, ಯಾವುದಕ್ಕೆ ಇಲ್ಲ ಅಂದ ಅನ್ನುವುದೆಲ್ಲ ಸಿಗುತ್ತದಂತೆ. ನಮ್ಮಲ್ಲಿ ಯಾಕೆ ಸಿಗುವುದಿಲ್ಲ? ಪ್ರತಿ ಅಧಿವೇಶನ ಮುಗಿದ ಮೇಲೆ ಇಂಥ ಅಂಕಪಟ್ಟಿಯನ್ನು ನಿಮ್ಮ ಕೊನೆಯ ಪುಟದಲ್ಲಿ ಹಾಕಬಾರದೇ? ಜನ ಅದನ್ನು ನೋಡಿ ಓಟು ಹಾಕುತ್ತಾರೆ.’

ಮಾಸ್ತರ್ರೇ, ಮೊದಲು ಶಹಬ್ಬಾಸ್. ಒಂಬತ್ತನೇ ತರಗತಿ ಹುಡುಗರಿಗೆ ಸಂಸತ್ತಿನ ಕಡೆ ತಿರುಗಿ ನೋಡಲು ಕಲಿಸುವವರು ಈ ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರು? ಈ ಅಂಕಿಗಳಿಂದ ಉಪಯೋಗವೇ ಇಲ್ಲ ಅಂತಲೂ ನಾನು ಹೇಳುವುದಿಲ್ಲ. ಐದು ವರ್ಷ ಬಾಯಿಯನ್ನೇ ಬಿಡದವರು ಯಾರು ಅನ್ನುವುದು ಇದರಿಂದ ಗೊತ್ತಾಗುತ್ತದೆ. ಆದರೆ ಪಟ್ಟಿ ನಾನು ಹಾಕುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹಾಜರಾತಿಯಿಂದಲೇ ಶುರು ಮಾಡೋಣ. ಹಾಜರಿ ಅಂದರೆ ಒಂದು ಗುರುತು, ಅಷ್ಟೇ. ಗುರುತು ಹಾಕಿದವರು ಸಂಜೆವರೆಗೆ ಕೂತಿದ್ದರೋ, ಹತ್ತು ನಿಮಿಷಕ್ಕೆ ಎದ್ದು ಹೋದರೋ ಅದರಲ್ಲಿ ಬರುವುದಿಲ್ಲ. ಇದು ನಿಮ್ಮ ಶಾಲೆಯಲ್ಲೂ ನಡೆಯುವುದೇ, ಅಲ್ವಾ? ಇನ್ನೊಂದು, ಶೇಕಡಾ ಅನ್ನುವುದು ಎಷ್ಟು ದಿನಕ್ಕೆ? 1952ರ ಮೊದಲ ಲೋಕಸಭೆ ಐದು ವರ್ಷದಲ್ಲಿ 677 ದಿನ ಕೂತಿತ್ತು. ಆಗ ಗುಲಬರ್ಗಾದ ಸಂಸದರು ಸ್ವಾಮಿ ರಮಾನಂದ ತೀರ್ಥರು. ನಾವಿನ್ನೂ ಹೈದರಾಬಾದ್ ರಾಜ್ಯದಲ್ಲಿದ್ದ ಕಾಲ. 2019ರಿಂದ 2024ರವರೆಗಿನ ಹದಿನೇಳನೇ ಲೋಕಸಭೆ ಕೂತಿದ್ದು 274 ದಿನ. ಅಂದು ಅರ್ಧದಷ್ಟು ದಿನಗಳು ಮಾತ್ರ ಬಂದವರೂ ಇಂದಿನ ನೂರಕ್ಕೆ ನೂರು ಹಾಜರಾತಿಯವರಿಗಿಂತ ಜಾಸ್ತಿ ದಿನ ಸದನದಲ್ಲಿದ್ದರು. ನಿಮ್ಮ ಪಟ್ಟಿಯಲ್ಲಿ ಮಾತ್ರ ಮೊದಲಿನವರು ಜಸ್ಟ್ ಪಾಸ್, ಎರಡನೆಯವರು ಡಿಸ್ಟಿಂಕ್ಷನ್.

ಇನ್ನು ನಮ್ಮ ವಿಧಾನಸಭೆಯ ಕಥೆ ಕೇಳಲೇಬೇಡಿ. ವರ್ಷಕ್ಕೆ ಕಡಿಮೆ ಅಂದರೂ 60 ದಿನ ಅಧಿವೇಶನ ನಡೆಸಬೇಕು ಅಂತ 2005ರಲ್ಲಿ ಕಾಯ್ದೆಯನ್ನೇ ಮಾಡಿಕೊಂಡರು. ತಮ್ಮ ಕಾಯ್ದೆಯನ್ನು ತಾವೇ ಪಾಲಿಸುವುದು ಅವರಿಗೆ ಇವತ್ತಿಗೂ ಕಷ್ಟ. ಯಾವ ಪಕ್ಷದ ಸರ್ಕಾರ ಬಂದರೂ ಇದೇ ಹಾಡು.

ಈಗ ನಿಮ್ಮ ಪಟ್ಟಿಯ ಅಸಲಿ ತೂತಿಗೆ ಬರುತ್ತೇನೆ. ಕೇಂದ್ರ ಮಂತ್ರಿಗಳು ಹಾಜರಿ ಹಾಕುವುದಿಲ್ಲ. ಪ್ರಶ್ನೆ ಕೇಳುವುದಿಲ್ಲ, ಅವರು ಉತ್ತರ ಕೊಡುವವರು. 2009ರಿಂದ 2014ರವರೆಗೆ ಕಲಬುರಗಿ ಸಂಸದರಾಗಿದ್ದ ಮಲ್ಲಿಕಾರ್ಜುನ ಖರ್ಗೆ ಅಷ್ಟೂ ವರ್ಷ ಮಂತ್ರಿ. ಮೊದಲು ಕಾರ್ಮಿಕ ಖಾತೆ, ಆಮೇಲೆ ರೈಲ್ವೆ. ನಿಮ್ಮ ಲೆಕ್ಕದಲ್ಲಿ ಹಾಜರಾತಿ ಸೊನ್ನೆ, ಪ್ರಶ್ನೆ ಸೊನ್ನೆ. ಆ ಮಕ್ಕಳು ಅವರನ್ನು ಫೇಲು ಮಾಡುತ್ತಿದ್ದರು. ಆದರೆ ಈ ಭಾಗದವರಿಗೆ ಓದು, ನೌಕರಿಯಲ್ಲಿ ಮೀಸಲು ಕೊಡುವ 371ಜೆ ಕಲಮನ್ನು ಸಂವಿಧಾನಕ್ಕೆ ಸೇರಿಸುವ ತಿದ್ದುಪಡಿ ಸಂಸತ್ತಿನಲ್ಲಿ ಪಾಸಾಗಿದ್ದು ಅದೇ ಅವಧಿಯಲ್ಲಿ, 2012ರ ಡಿಸೆಂಬರ್‌ನಲ್ಲಿ. ನಾನು ಯಾರ ಪರ ವಕಾಲತ್ತೂ ಹಾಕುತ್ತಿಲ್ಲ. ಅದಕ್ಕಾಗಿ ವೈಜನಾಥ ಪಾಟೀಲರಂಥವರು ಬೀದಿಯಲ್ಲಿ ಎಷ್ಟು ವರ್ಷ ಕೂಗಿದರು, ಬೀದರಿನ ಸಂಸದರಾಗಿದ್ದ ಧರ್ಮಸಿಂಗ್ ಎಷ್ಟು ಓಡಾಡಿದರು ಅನ್ನುವುದು ನಿಮಗೂ ಗೊತ್ತು. ಇದ್ಯಾವುದೂ ನಿಮ್ಮ ಯಾವ ಕಾಲಂನಲ್ಲೂ ಕೂರುವುದಿಲ್ಲ. ನಿಮ್ಮ ಶಾಲೆಯಲ್ಲಿ ಓದಿದ ಹುಡುಗಿಗೆ ಇವತ್ತು ಮೆಡಿಕಲ್ ಸೀಟು ಸಿಕ್ಕರೆ, ಅದರ ಹಿಂದೆ ಆ ಕಲಮು ಇರುತ್ತದೆ.

ಪ್ರಶ್ನೆಗಳ ಕಾಲಂ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ 20. ಚುಕ್ಕೆ ಇಲ್ಲದ್ದು 230. ಚುಕ್ಕೆ ಇದ್ದದ್ದಕ್ಕೆ ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕು, ಮೇಲೆ ಪೂರಕ ಪ್ರಶ್ನೆ ಬರುತ್ತದೆ. ಆದರೆ ಪ್ರಶ್ನೋತ್ತರದ ಒಂದು ಗಂಟೆಯಲ್ಲಿ 20ರಲ್ಲಿ ಕೆಲವಕ್ಕಷ್ಟೇ ಸರದಿ ಸಿಗುತ್ತದೆ. ಉಳಿದದ್ದೆಲ್ಲ ಕಾಗದದಲ್ಲಿ. ಯಾರ ಪ್ರಶ್ನೆ ಬರಬೇಕು ಅನ್ನುವುದು ಚೀಟಿ ಎತ್ತಿ ತೀರ್ಮಾನ. ನಿಮ್ಮ ಹುಡುಗರು ಎಲ್ಲವನ್ನೂ ಒಟ್ಟು ಸೇರಿಸಿ ಎಣಿಸಿದ್ದಾರೆ. ಆಸಾಮಿ ಸದನದಲ್ಲಿ ಎದ್ದುನಿಂತು ಮಂತ್ರಿಯನ್ನು ಹಿಡಿದು ಕೇಳಿದ್ದೂ ಒಂದೇ, ಆಪ್ತ ಸಹಾಯಕ ಬರೆದು ಕಳಿಸಿದ್ದೂ ಒಂದೇ. 2005ರ ಡಿಸೆಂಬರ್‌ನಲ್ಲಿ 11 ಸಂಸದರನ್ನು ಮನೆಗೆ ಕಳಿಸಿದ್ದು ನೆನಪಿದೆಯಾ? ದುಡ್ಡು ತಗೊಂಡು ಪ್ರಶ್ನೆ ಕೇಳಿದ್ದಕ್ಕೆ. ಅವರ ಆ ಪ್ರಶ್ನೆಗಳಿಗೂ ನಿಮ್ಮ ಪಟ್ಟಿಯಲ್ಲಿ ಅಂಕ ಬೀಳುತ್ತದೆ.

ಕೆಲವು ವರ್ಷದ ಹಿಂದೆ ಒಬ್ಬ ಜನಪ್ರತಿನಿಧಿಯ ಕಡೆಯವರು ನಮ್ಮ ಕಚೇರಿಗೆ ಬಂದು ಗ್ಲೇಜ್ ಪೇಪರಿನ ‘ಸಾಧನೆಯ ಹೊತ್ತಿಗೆ’ ಕೊಟ್ಟು ಹೋದರು. ಹೆಸರು ಬೇಡ, ಯಾವ ಸದನ ಅನ್ನುವುದೂ ಬೇಡ. ಇಷ್ಟು ನೂರು ಪ್ರಶ್ನೆ ಅಂತ ದೊಡ್ಡ ಅಕ್ಷರದಲ್ಲಿ. ಅದರಲ್ಲಿ ಮೂವತ್ತನ್ನು ಕೂತು ಓದಿದೆ. ಕರಾವಳಿಯ ಬಂದರಿನ ಬಗ್ಗೆ ಇತ್ತು, ಚಹಾ ತೋಟದ ಬಗ್ಗೆ ಇತ್ತು. ತೊಗರಿ ಬಗ್ಗೆ ಹುಡುಕಿದೆ. ಎರಡು ಸಿಕ್ಕವು. ಎರಡಕ್ಕೂ ಉತ್ತರ ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’. ಆ ಸಂಗ್ರಹ ಮುಗಿಯಿತಾ ಅಂತ ಆಮೇಲೆ ಅವರು ಕೇಳಿದ್ದು ಎಲ್ಲೂ ಕಾಣಲಿಲ್ಲ.

ಇಲ್ಲೇ ನನ್ನ ಹಳೆಯ ಹುಚ್ಚು. ಮಂತ್ರಿ ಸದನದಲ್ಲಿ ‘ನೋಡುತ್ತೇವೆ, ಮಾಹಿತಿ ತರಿಸುತ್ತೇವೆ’ ಅಂದರೆ ಅದು ಗಾಳಿಗೆ ಹೋಗುವ ಮಾತಲ್ಲ. ಅದನ್ನು ಭರವಸೆ ಅಂತ ದಾಖಲಿಸುತ್ತಾರೆ. ಅದನ್ನು ಬೆನ್ನು ಹತ್ತಲು 1953ರಿಂದ ಲೋಕಸಭೆಯಲ್ಲಿ ಒಂದು ಸಮಿತಿಯೇ ಇದೆ. ಮೂರು ತಿಂಗಳಲ್ಲಿ ಈಡೇರಿಸಬೇಕು ಅನ್ನುವುದು ನಿಯಮ. ನಿಮ್ಮ ಮಕ್ಕಳು ಪ್ರಶ್ನೆ ಎಣಿಸುವುದು ಬಿಟ್ಟು ಒಂದೇ ಒಂದು ಭರವಸೆಯನ್ನು ಹಿಡಿದು ಕೂರಲಿ. ಕಲಬುರಗಿ ರೈಲ್ವೆ ವಿಭಾಗವನ್ನೇ ತಗೊಳ್ಳಿ. 2014ರಲ್ಲಿ ಘೋಷಣೆಯಾಯಿತು. ಇವತ್ತಿಗೂ ನಮ್ಮ ಸ್ಟೇಷನ್ನು ಸೊಲ್ಲಾಪುರ ವಿಭಾಗದ ಕೈಯಲ್ಲೇ ಇದೆ. ಅಂದಿನಿಂದ ಇಂದಿನವರೆಗೆ ಯಾರ್ಯಾರು ಏನು ಕೇಳಿದರು, ಯಾವ ಮಂತ್ರಿ ಏನು ಹೇಳಿದರು ಅಂತ ಒಂದರ ಕೆಳಗೆ ಒಂದು ಬರೆದರೆ ಸಾಕು. ಅದನ್ನು ನಾನು ಕೊನೆಯ ಪುಟದಲ್ಲಲ್ಲ, ಮುಖಪುಟದಲ್ಲಿ ಹಾಕುತ್ತೇನೆ. ಬೀದರ್–ಕಲಬುರಗಿ ರೈಲು ಮಾರ್ಗ ನೆನಪಿಸಿಕೊಳ್ಳಿ. 110 ಕಿಲೋಮೀಟರ್ ಹಳಿ. ತೊಂಬತ್ತರ ದಶಕದಲ್ಲಿ ಮಂಜೂರಾಗಿ, ಪೂರ್ತಿ ಮಾರ್ಗ ಉದ್ಘಾಟನೆಯಾಗಿದ್ದು 2017ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಎಷ್ಟು ಸಂಸದರು ಬಂದು ಹೋದರು!

ಸರಿ, ನಿಮ್ಮ ಖಾಲಿ ಕಾಲಂ. ಅದು ಖಾಲಿ ಇರುವುದೇ ಸರಿಯಾದ ಉತ್ತರ ಮಾಸ್ತರ್ರೇ. ನಮ್ಮ ಸದನಗಳಲ್ಲಿ ಬಹುಪಾಲು ಮಸೂದೆ ಪಾಸಾಗುವುದು ಧ್ವನಿಮತದಲ್ಲಿ. ಪರವಾಗಿರುವವರು ಹೌದು ಅನ್ನಿ, ವಿರೋಧ ಇರುವವರು ಇಲ್ಲ ಅನ್ನಿ. ಯಾವ ಕಡೆ ಗದ್ದಲ ಜಾಸ್ತಿಯೋ ಆ ಕಡೆ ಗೆದ್ದಿತು. ಯಾರ ಬಾಯಿ ಏನಂದಿತು ಅಂತ ಎಲ್ಲೂ ಬರೆದಿರುವುದಿಲ್ಲ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಎರಡು ಕೃಷಿ ಮಸೂದೆ ಹೀಗೇ ಪಾಸಾದವು. ಲೆಕ್ಕ ಹಾಕಿ ಅಂತ ವಿರೋಧ ಪಕ್ಷದವರು ಕೂಗಿದರು, ಲೆಕ್ಕ ಆಗಲಿಲ್ಲ. ಆ ಅಧಿವೇಶನದಲ್ಲಿ ಕೊರೊನಾ ಅಂತ ಪ್ರಶ್ನೋತ್ತರ ವೇಳೆಯೂ ಇರಲಿಲ್ಲ. ಮುಂದಿನ ವರ್ಷ ನವೆಂಬರ್ 29ಕ್ಕೆ ಆ ಕಾಯ್ದೆಗಳನ್ನು ರದ್ದು ಮಾಡುವ ಮಸೂದೆ ಪಾಸಾಯಿತು. ಅದೂ ಚರ್ಚೆಯಿಲ್ಲದೆ.

ಬಟನ್ ಒತ್ತಿ ಮತ ಹಾಕಿದರೂ ಅದು ಆ ಸದಸ್ಯನದು ಅನ್ನುವುದು ಕಷ್ಟ. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ಹೀಗೇ ಮತ ಹಾಕಿ ಅಂತ ಪಕ್ಷ ಆದೇಶ ಅಂದರೆ ವಿಪ್ ಕೊಟ್ಟರೆ ಮುಗಿಯಿತು. ಮೀರಿದರೆ ಸದಸ್ಯತ್ವ ಹೋಗಬಹುದು. ಆಯಾರಾಮ್ ಗಯಾರಾಮ್‌ಗಳನ್ನು ತಡೆಯಲು ಅದು ಬೇಕಿತ್ತು ಅನ್ನುವವರಿದ್ದಾರೆ. ಇರಲಿ. ಆದರೆ ಅದರಿಂದ ನಿಮ್ಮ ಅಮೆರಿಕದ ಹೋಲಿಕೆ ನಿಲ್ಲುವುದಿಲ್ಲ. ಸಂವಿಧಾನ ತಿದ್ದುಪಡಿಗೆ ಮಾತ್ರ ತಲೆ ಎಣಿಸಲೇಬೇಕು. ಹಾಗಾಗಿ 371ಜೆಗೆ ಲೆಕ್ಕ ಇದೆ. 2023ರ ಮಹಿಳಾ ಮೀಸಲಾತಿಗೆ ಲೋಕಸಭೆಯಲ್ಲಿ 454 ಪರ, 2 ವಿರೋಧ ಅನ್ನುವ ಲೆಕ್ಕ ಇದೆ.

ಇದನ್ನೆಲ್ಲ ನನಗೆ ಸರಿಯಾಗಿ ಅರ್ಥ ಮಾಡಿಸಿದ್ದು ಯಾವ ಪುಸ್ತಕವೂ ಅಲ್ಲ. ಕಲಬುರಗಿ ಮಾರುಕಟ್ಟೆ ನೆಹರೂ ಗಂಜಿನಲ್ಲಿ ಸಿಕ್ಕ ಒಬ್ಬ ರೈತ. ಜನವರಿ ತಿಂಗಳು, ಹೊಸ ತೊಗರಿ ಬರುವ ಹೊತ್ತು. ಅಡತ್ ಅಂಗಡಿ ಮುಂದೆ ಚೀಲ ಇಳಿಸಿಕೊಂಡು ಕೂತಿದ್ದರು. ಹೊರಗಿನ ತೊಗರಿ ಬಂದು ದರ ಬಿದ್ದಿದೆ ಅಂತ ಅಂಗಡಿಯವರು ಹೇಳಿದ್ದರು. ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ ಒಂದು ಬೊಗಸೆ ತೊಗರಿ ತೆಗೆದು ನನ್ನ ಅಂಗೈಗೆ ಸುರಿದರು. ಕೆಂಪು ಕಾಳು, ಇನ್ನೂ ಬಿಸಿಲಿನ ಬಿಸಿ ಇತ್ತು. ‘ಪೇಪರ್‌ದವರಿದ್ದೀರಿ, ಹೇಳ್ರಿ. ಹೊರಗಿಂದು ತರ್ಲಿಕ್ಕ ದಿಲ್ಲಿದಾಗ ಓಟು ಯಾವಾಗ ಆಯ್ತರಿ? ನಮ್ಮ ಎಂಪಿ ಹೌದು ಅಂದಾರೋ, ಬ್ಯಾಡ ಅಂದಾರೋ?’

ಓಟೇ ಆಗಿಲ್ಲ ಅಂದೆ. 2021ರ ಮೇ ತಿಂಗಳಲ್ಲಿ ತೊಗರಿ ಆಮದಿನ ಮೇಲಿದ್ದ ನಿರ್ಬಂಧ ತೆಗೆದದ್ದು ವಾಣಿಜ್ಯ ಸಚಿವಾಲಯದ ಒಂದು ಅಧಿಸೂಚನೆಯಿಂದ. ಆಮೇಲೆ ಆ ಸಡಿಲಿಕೆಯನ್ನು ಮತ್ತೆ ಮತ್ತೆ ಮುಂದುವರಿಸಿದ್ದೂ ಅಧಿಸೂಚನೆಯಿಂದಲೇ. ಒಂದು ಹಾಳೆ, ಕೆಳಗೆ ಒಬ್ಬ ಅಧಿಕಾರಿಯ ಸಹಿ. ಸದನದಲ್ಲಿ ಯಾರೂ ಹೌದು ಅನ್ನಬೇಕಾಗಲಿಲ್ಲ, ಇಲ್ಲ ಅನ್ನಬೇಕಾಗಲಿಲ್ಲ.

ಅವರು ನನ್ನ ಕೈಯಲ್ಲಿದ್ದ ಕಾಳನ್ನು ವಾಪಸ್ ಚೀಲಕ್ಕೆ ಹಾಕಿಸಿಕೊಂಡರು. ‘ಹಂಗಂದ್ರ ಕೇಳಬೇಕಿತ್ತಲ್ಲರಿ ಯಾರರೆ’ ಅಂದರು.

ಕೇಳುವುದು. ಅಷ್ಟೇ ಸಂಸದರ ಕೈಯಲ್ಲಿ ಉಳಿದಿರುವುದು. ಆ ಅಧಿಸೂಚನೆ ಯಾಕೆ, ಎಷ್ಟು ಟನ್ ಬಂತು, ನೆಟೆ ರೋಗಕ್ಕೆ ಬೆಳೆ ಕಳಕೊಂಡವರಿಗೆ ಎಷ್ಟು ಸಿಕ್ಕಿತು ಅಂತ ಒಬ್ಬರು ಎದ್ದು ಕೇಳಿ, ಉತ್ತರ ಜಾರಿದರೆ ಮತ್ತೆ ಕೇಳಿ, ಇಲಾಖೆಗಳ ಕೆಲಸ ನೋಡುವ ಸಂಸದರ ಸ್ಥಾಯಿ ಸಮಿತಿಯಲ್ಲಿ ಅಧಿಕಾರಿಯನ್ನು ಕೂರಿಸಿಕೊಂಡು ಇನ್ನೊಮ್ಮೆ ಕೇಳಿದರೆ, ಅವರಿಗೆ ನಾನು 100ಕ್ಕೆ 100 ಕೊಡುತ್ತೇನೆ. ವರ್ಷಕ್ಕೆ ಒಂದೇ ಪ್ರಶ್ನೆ ಕೇಳಿದರೂ ಸೈ. ಸ್ಥಾಯಿ ಸಮಿತಿಯ ಸಭೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಕ್ಯಾಮೆರಾ ಇಲ್ಲದ್ದಕ್ಕೇ ಅಲ್ಲಿ ಕೆಲಸ ಆಗುತ್ತದೆ. ನಿಮ್ಮ ಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಆದರೆ ನಾವು ಕೇಳುವವರನ್ನು ಕೇಳಿದ್ದೇವಾ? 1980ರಲ್ಲಿ ಗುಲಬರ್ಗಾದಿಂದ ಗೆದ್ದ ಧರ್ಮಸಿಂಗ್ ರಾಜೀನಾಮೆ ಕೊಟ್ಟು, ದಿಲ್ಲಿಯಲ್ಲಿ ವಾಜಪೇಯಿ ಎದುರು ಸೋತಿದ್ದ ಕೇರಳದ ಸಿ.ಎಂ. ಸ್ಟೀಫನ್‌ಗೆ ಸೀಟು ಬಿಟ್ಟರು. ನಾವು ಗೆಲ್ಲಿಸಿದೆವು. ಅವರು ಕೇಂದ್ರದಲ್ಲಿ ಮಂತ್ರಿಯಾದರು. ಸದನದಲ್ಲಿ ಅವರು ನಮ್ಮ ಬಗ್ಗೆ ಏನು ಮಾತಾಡಿದರು ಅಂತ ನಮ್ಮ ಓಣಿಯಲ್ಲಿ ಒಬ್ಬರಾದರೂ ಕೇಳಿದ್ದು ನನಗೆ ನೆನಪಿಲ್ಲ. ಇವತ್ತೂ ಅಷ್ಟೇ. ಮದುವೆಗೆ ಬಂದರಾ, ಮಣ್ಣಿಗೆ ಬಂದರಾ, ಹೈಮಾಸ್ಟ್ ದೀಪ ಹಾಕಿಸಿದರಾ, ವರ್ಗಾವಣೆಗೆ ಪತ್ರ ಕೊಟ್ಟರಾ. ವೇದಿಕೆ ಸಿಕ್ಕರೆ ಬಸವಕಲ್ಯಾಣದ ಅನುಭವ ಮಂಟಪವೇ ಜಗತ್ತಿನ ಮೊದಲ ಸಂಸತ್ತು ಅಂತ ಎಲ್ಲ ಪಕ್ಷದವರೂ ಭಾಷಣ ಮಾಡುತ್ತಾರೆ. ಈಗಿನ ಸಂಸತ್ತಿನಲ್ಲಿ ಮೊನ್ನೆ ಏನಾಯಿತು ಅಂತ ಅದೇ ವೇದಿಕೆಯಲ್ಲಿ ಯಾರೂ ಹೇಳುವುದಿಲ್ಲ.

ನಮ್ಮ ಪತ್ರಿಕೆಗಳದ್ದೂ ತಪ್ಪಿದೆ, ನನ್ನದೂ ಸೇರಿ. ಹಿಂದೆ ಸದನದ ವರದಿಗೆ ಒಂದು ಪುಟ ಇರುತ್ತಿತ್ತು. ಈಗ ಪೇಪರ್ ಹರಿದು ಎಸೆದ ಫೋಟೋ ಇದ್ದರೆ ಮಾತ್ರ ಸುದ್ದಿ. ಹತ್ತು ವರ್ಷದ ಹಿಂದೆ ಈ ಊರಿನ ಒಂದು ರದ್ದಿ ಅಂಗಡಿಯಲ್ಲಿ ವಿಧಾನಸಭೆಯ ನಡವಳಿಯ ಎರಡು ಹಳೆಯ ಸಂಪುಟ ಸಿಕ್ಕವು. ಯಾವುದೋ ಗ್ರಂಥಾಲಯದ ಸೀಲು ಇತ್ತು, ಯಾವುದು ಅಂತ ಹೇಳುವುದಿಲ್ಲ. ತೂಕದ ಲೆಕ್ಕದಲ್ಲಿ ಕೊಂಡು ತಂದೆ. ಒಂದು ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ ‘ಇದಕ್ಕೆ ಉತ್ತರ ಬಂದಿಲ್ಲ’ ಅಂತ ಬರೆದಿದ್ದರು. ಅಂಥ ಓದುಗರು ಒಂದು ಕಾಲಕ್ಕೆ ನಮ್ಮಲ್ಲಿದ್ದರು.

ಇನ್ನೊಂದು ಮಾತು, ಮಾಸ್ತರರಾದ ನಿಮಗೇ ಹೇಳಬೇಕಾದದ್ದು. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ ರಾಜ್ಯಕ್ಕೇ ಕೊನೆ. 2025ರಲ್ಲಿ ಕಲಬುರಗಿ ಕೊನೆ. ಆ ಒಂದು ಸಾಲು ಹಿಡಿದು ಬೆಂಗಳೂರಿನವರು ನಮ್ಮನ್ನು ಅಳೆದಾಗ ನಿಮಗೆಷ್ಟು ಸಿಟ್ಟು ಬಂದಿತ್ತು, ಅದೂ ಇದೇ ಪತ್ರಿಕೆಗೆ ನೀವು ಬರೆದ ಪತ್ರದಲ್ಲಿದೆ. ಮಾಸ್ತರರ ಹುದ್ದೆ ಎಷ್ಟು ಖಾಲಿ ಇವೆ, ಎಷ್ಟು ಮಕ್ಕಳು ಹತ್ತಿ ಬಿಡಿಸಲು ಹೋಗುತ್ತಾರೆ, ಅದನ್ನು ಕೇಳಿ ಅಂದಿದ್ದಿರಿ. ಆ ಪತ್ರ ಇನ್ನೂ ನನ್ನ ಫೈಲಿನಲ್ಲಿದೆ.

ಡ್ರಾಯಿಂಗ್ ಶೀಟನ್ನು ಅಂಚೆಯಲ್ಲಿ ವಾಪಸ್ ಕಳಿಸುತ್ತಿದ್ದೇನೆ. ಮಡಚದೆ, ಸುರುಳಿ ಸುತ್ತಿ. ಮಕ್ಕಳಿಗೆ ಬೈಯಬೇಡಿ, ಗೆರೆ ಬಹಳ ಚೆಂದ ಹೊಡೆದಿದ್ದಾರೆ. ಒಂದೇ ತಿದ್ದುಪಡಿ. ಕಲಬುರಗಿ ಸಂಸದರ ಹೆಸರಿನ ಮುಂದೆ ಹಸಿರು ಇಂಕಿನಲ್ಲಿ ‘ನಮ್ಮ ಸಂಸದರು’ ಅಂತ ಬರೆದಿದ್ದಾರೆ. ಆಳಂದ ಕಲಬುರಗಿ ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಬೀದರ್ ಕ್ಷೇತ್ರಕ್ಕೆ ಸೇರಿದೆ, ಚಿಂಚೋಳಿಯೂ ಅಷ್ಟೇ. ಅತ್ತ ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಲಬುರಗಿಗೆ ಬರುತ್ತದೆ, ಉಳಿದವು ರಾಯಚೂರಿಗೆ. ಮಕ್ಕಳಿಗೆ ಗೊತ್ತಿಲ್ಲದಿರಬಹುದು. ನೀವು ಸಹಿ ಹಾಕುವ ಮೊದಲು ನೋಡಬೇಕಿತ್ತು, ಮಾಸ್ತರ್ರೇ.

– ಸಂಪಾದಕ