ಊರಲ್ಲಿ ನಂಬರ್ ಒನ್, ದೇಶದ ಪಟ್ಟಿಯಲ್ಲಿ ಪತ್ತೆಯೇ ಇಲ್ಲ

ಪ್ರಶ್ನೆ: 1960ರ ದಶಕದ ಅಮೆರಿಕದ ಪಾಪ್ ಹಾಡುಗಳೆಂದರೆ ನನಗೆ ಪ್ರಾಣ. ಇತ್ತೀಚೆಗೆ ಶಿಕಾಗೋ, ಡೆಟ್ರಾಯ್ಟ್ ರೇಡಿಯೊ ಸ್ಟೇಷನ್‌ಗಳ ಹಳೇ ಹಿಟ್ ಪಟ್ಟಿಗಳನ್ನು ನೋಡಿದೆ. ಅಲ್ಲಿ ಮೇಲಿರುವ ಕೆಲವು ಹಾಡುಗಳು ಬಿಲ್‌ಬೋರ್ಡ್ ಪತ್ರಿಕೆಯ ದೇಶದ ಹಿಟ್ ಪಟ್ಟಿಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಯಾವುದನ್ನು ನಂಬಬೇಕು? ಸ್ಟೇಷನ್‌ನವರು ಸುಮ್ನೆ ಬರೆದುಕೊಳ್ಳುತ್ತಿದ್ದರಾ?

ಉತ್ತರ: ಎರಡನ್ನೂ ನಂಬಿ. ಒಂದು ಊರಿನ ಲೆಕ್ಕ, ಇನ್ನೊಂದು ದೇಶದ ಲೆಕ್ಕ.

ನಾನು ಡೆಟ್ರಾಯ್ಟ್ ಹತ್ತಿರ ಕೆಲಸದಲ್ಲಿದ್ದ ವರ್ಷಗಳಲ್ಲಿ ಶನಿವಾರ ಬಂದರೆ ಹಳೇ ರೆಕಾರ್ಡ್ ಅಂಗಡಿಗಳಿಗೆ ಹೋಗುತ್ತಿದ್ದೆ. ಒಂದು ದಿನ 45ರ (ನಿಮಿಷಕ್ಕೆ 45 ಸುತ್ತು ತಿರುಗುವ) ಪುಟ್ಟ ರೆಕಾರ್ಡಿನ ಕವರಿನೊಳಗೆ ಮಡಚಿಟ್ಟ ಕಾಗದ ಸಿಕ್ಕಿತು. ಅಂಗಿಯ ಜೇಬಿಗೆ ಹಿಡಿಯುವಷ್ಟು ಅಗಲ. ಒಂದು ಕಡೆ ಹಾಡುಗಳ ಪಟ್ಟಿ, ಪಕ್ಕದಲ್ಲಿ ಈ ವಾರದ ಸ್ಥಾನ, ಹೋದ ವಾರದ ಸ್ಥಾನ. ಹಿಂದುಗಡೆ ಡಿಜೆ ಒಬ್ಬರ ಫೋಟೊ. ಆರು ಹಾಡುಗಳ ಎದುರು ಯಾರೋ ನೀಲಿ ಬಾಲ್ ಪೆನ್ನಿನಲ್ಲಿ ಟಿಕ್ ಹಾಕಿದ್ದರು. ಒಂದಕ್ಕೆ ಎರಡು ಟಿಕ್, ಅದೂ ಕಾಗದ ಹರಿಯುವಷ್ಟು ಒತ್ತಿ. ಮನೆಗೆ ಬಂದು ಅದೇ ವಾರದ ದೇಶದ ಪಟ್ಟಿ ತೆಗೆದು ನೋಡಿದೆ. ಎರಡು ಟಿಕ್ ಬಿದ್ದ ಹಾಡು ಅಲ್ಲಿ ಇರಲೇ ಇಲ್ಲ. ಆವತ್ತಿನಿಂದ ನನಗೆ ಈ ಹುಚ್ಚು.

ಇಂಥ ಹಾಳೆಗಳನ್ನು ಸ್ಟೇಷನ್‌ಗಳು ವಾರಕ್ಕೊಮ್ಮೆ ಅಚ್ಚು ಹಾಕಿಸಿ ರೆಕಾರ್ಡ್ ಅಂಗಡಿಗಳ ಕೌಂಟರಿನಲ್ಲಿ ಇಡುತ್ತಿದ್ದವು. ಬಿಟ್ಟಿ. ಶಿಕಾಗೋದ ಡಬ್ಲ್ಯುಎಲ್‌ಎಸ್ 1960ರಲ್ಲಿ ಶುರು ಮಾಡಿದ ಹಾಳೆಯ ಹೆಸರು 'ಸಿಲ್ವರ್ ಡಾಲರ್ ಸರ್ವೆ'. ಲಾಸ್ ಏಂಜಲೀಸ್‌ನ ಕೆಎಚ್‌ಜೆಯದು 'ಬಾಸ್ 30'. ಪಟ್ಟಿ ಮಾಡುವ ರೀತಿ ಸರಳ. ಸ್ಟೇಷನ್‌ನ ಮ್ಯೂಸಿಕ್ ಡೈರೆಕ್ಟರ್, ಅಂದರೆ ಯಾವ ಹಾಡು ಹಾಕಬೇಕು ಅಂತ ಆರಿಸುವವರು, ಊರಿನ ಅಂಗಡಿಗಳಿಗೆ ಫೋನ್ ಮಾಡಿ, ಈ ವಾರ ಯಾವುದು ಜಾಸ್ತಿ ಹೋಯಿತು ಅಂತ ಕೇಳುವುದು. ಅದರ ಜೊತೆ ಕೇಳುಗರ ಫೋನ್ ಕೋರಿಕೆ. ಕೊನೆಗೆ ಅವರದೇ ಕಿವಿ. ಯಾವುದಕ್ಕೆ ಎಷ್ಟು ತೂಕ ಅನ್ನುವುದು ಸ್ಟೇಷನ್‌ನಿಂದ ಸ್ಟೇಷನ್‌ಗೆ ಬೇರೆ.

ಬಿಲ್‌ಬೋರ್ಡ್‌ನ 'ಹಾಟ್ 100' ಮೊದಲು ಬಂದದ್ದು 1958ರ ಆಗಸ್ಟ್ 4ರಂದು. ದೇಶದ ಬೇರೆ ಬೇರೆ ಊರಿನ ಅಂಗಡಿಗಳು, ರೇಡಿಯೊ ಸ್ಟೇಷನ್‌ಗಳು ಕೊಟ್ಟ ವರದಿಗಳನ್ನೆಲ್ಲ ಕೂಡಿಸಿ ಒಂದೇ ಪಟ್ಟಿ. ಈ ಕೂಡಿಸುವ ಕೆಲಸದಲ್ಲೇ ಗುಟ್ಟಿದೆ.

ಒಂದು ಹಾಡು ಮಾರ್ಚ್‌ನಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ನಂಬರ್ ಒನ್ ಆಯಿತು ಅಂದುಕೊಳ್ಳಿ. ಏಪ್ರಿಲ್‌ನಲ್ಲಿ ಪಿಟ್ಸ್‌ಬರ್ಗ್, ಮೇ ತಿಂಗಳಲ್ಲಿ ಸಿಯಾಟಲ್. ಮೂರೂ ಕಡೆ ಮಕ್ಕಳು ಅದಕ್ಕೇ ಕುಣಿದರು. ಆದರೆ ಸಿಯಾಟಲ್‌ನಲ್ಲಿ ಅದು ಏರುವ ಹೊತ್ತಿಗೆ ಕ್ಲೀವ್‌ಲ್ಯಾಂಡಿನಲ್ಲಿ ಹಳತಾಗಿತ್ತು. ಯಾವ ವಾರ ಕೂಡಿಸಿದರೂ ಮೊತ್ತ ಚಿಕ್ಕದೇ. ಅಷ್ಟೇ ಜನ ಇಷ್ಟಪಟ್ಟ ಇನ್ನೊಂದು ಹಾಡು ಎಲ್ಲ ಊರಲ್ಲೂ ಒಂದೇ ವಾರ ಓಡಿದರೆ ಸೀದಾ ಮೇಲಕ್ಕೆ ಹೋಗುತ್ತದೆ. ದೇಶದ ಪಟ್ಟಿಯಲ್ಲಿ ಗೆಲ್ಲಲು ಹಾಡು ಚೆನ್ನಾಗಿದ್ದರೆ ಸಾಲದು, ಎಲ್ಲ ಕಡೆ ಒಟ್ಟಿಗೆ ಹೊತ್ತಿಕೊಳ್ಳಬೇಕು. ಅದಕ್ಕೆ ಊರೂರಿಗೂ ಸರಕು ತಲುಪಿಸುವ ದೊಡ್ಡ ಕಂಪನಿ ಬೇಕು. ಸಣ್ಣ ಕಂಪನಿಯವರು ಒಂದು ಊರಿಗೆ ರೆಕಾರ್ಡ್ ಒದಗಿಸುವಷ್ಟರಲ್ಲೇ ಸುಸ್ತಾಗುತ್ತಿದ್ದರು.

ಡೆಟ್ರಾಯ್ಟ್ ಕಡೆಯ ರಾಕ್ ಗಾಯಕ ಬಾಬ್ ಸೀಗರ್ ಕತೆ ನೋಡಿ. 1967ರ 'ಹೆವಿ ಮ್ಯೂಸಿಕ್' ಡೆಟ್ರಾಯ್ಟ್‌ನಲ್ಲಿ ದೊಡ್ಡ ಹಿಟ್. ಅದೇ ಹೊತ್ತಿಗೆ ಅವರ ರೆಕಾರ್ಡ್ ಕಂಪನಿ ಕ್ಯಾಮಿಯೊ-ಪಾರ್ಕ್‌ವೇ ಬಾಗಿಲು ಹಾಕಿತು. ಹಾಟ್ 100ರೊಳಗೆ ಆ ಹಾಡು ಕಾಲಿಡಲೇ ಇಲ್ಲ. ದೇಶದ ಪಟ್ಟಿ ಮಾತ್ರ ಇಟ್ಟುಕೊಂಡು ಚರಿತ್ರೆ ಬರೆದರೆ ಇಂಥ ಹಾಡು ಹುಟ್ಟೇ ಇರಲಿಲ್ಲ ಅನ್ನಿಸುತ್ತದೆ. ನನಗೆ ಬೇಜಾರಾಗುವುದು ಅಲ್ಲೇ. ಸೀಗರ್ ದೇಶಕ್ಕೆಲ್ಲ ಗೊತ್ತಾಗುವ ಎಷ್ಟೋ ಮೊದಲೇ ಡೆಟ್ರಾಯ್ಟ್ ಜನ ಅವರನ್ನು ತಮ್ಮವರು ಅಂದುಕೊಂಡಿದ್ದರು. ಅದಕ್ಕೆ ಸಾಕ್ಷಿ ಆ ಪುಟ್ಟ ಹಾಳೆಗಳಲ್ಲೇ ಇದೆ.

ಇದರ ಉಲ್ಟಾ ನಡೆದದ್ದೂ ಉಂಟು. ಟಾಮಿ ಜೇಮ್ಸ್ ಮತ್ತು ಗೆಳೆಯರು 1964ರಲ್ಲಿ ಮಿಚಿಗನ್‌ನ ನೈಲ್ಸ್ ಎಂಬ ಸಣ್ಣ ಊರಿನಲ್ಲಿ 'ಹ್ಯಾಂಕಿ ಪ್ಯಾಂಕಿ' ಧ್ವನಿಮುದ್ರಿಸಿದರು. ಅಕ್ಕಪಕ್ಕದ ಊರುಗಳಲ್ಲಿ ಸ್ವಲ್ಪ ದಿನ ಓಡಿ ನಿಂತುಹೋಯಿತು. ತಂಡವೂ ಚದುರಿತು. ಆಮೇಲೆ ಪಿಟ್ಸ್‌ಬರ್ಗ್‌ನಲ್ಲಿ ಡಾನ್ಸ್ ಕಾರ್ಯಕ್ರಮ ನಡೆಸುತ್ತಿದ್ದವರೊಬ್ಬರಿಗೆ ಆ ಹಳೇ ರೆಕಾರ್ಡ್ ಸಿಕ್ಕಿತು. ಅವರು ಹಾಕಿದರು, ಊರಿನ ಡಿಜೆಗಳೂ ಹಾಕಿದರು, ಜನ ಮುಗಿಬಿದ್ದರು. ಅಂಗಡಿಯಲ್ಲಿ ಸ್ಟಾಕ್ ಇಲ್ಲದ್ದರಿಂದ ಕಳ್ಳ ಪ್ರತಿಗಳೂ ಬಂದವು. ಜೇಮ್ಸ್ ಪಿಟ್ಸ್‌ಬರ್ಗ್‌ಗೆ ಓಡಿ ಬಂದು ಅಲ್ಲೇ ಹೊಸ ತಂಡ ಕಟ್ಟಿದರು. ರೂಲೆಟ್ ಕಂಪನಿ ಹಾಡನ್ನು ಕೊಂಡಿತು. 1966ರ ಜುಲೈನಲ್ಲಿ ದೇಶಕ್ಕೇ ನಂಬರ್ ಒನ್! ಎರಡು ವರ್ಷ ಮೂಲೆಗೆ ಬಿದ್ದ ಹಾಡನ್ನು ಒಂದು ಊರು ಎತ್ತಿ ನಿಲ್ಲಿಸಿತು.

ನನಗೆ ಎಲ್ಲಕ್ಕಿಂತ ಇಷ್ಟವಾದ ಹಾಳೆ 1963ರ ಮಾರ್ಚ್‌ದು. ಬೀಟಲ್ಸ್ ಯಾರು ಅಂತ ಅಮೆರಿಕಕ್ಕೆ ಗೊತ್ತೇ ಇಲ್ಲದ ಕಾಲ. 'ಪ್ಲೀಸ್ ಪ್ಲೀಸ್ ಮಿ' ಅನ್ನು ಶಿಕಾಗೋದ್ದೇ ಆದ ವೀಜೇ ಕಂಪನಿ ಹೊರತಂದಿತ್ತು. ಮೊದಲ ಪ್ರತಿಗಳ ಲೇಬಲ್ ಮೇಲೆ ತಂಡದ ಹೆಸರಿನಲ್ಲಿ ಒಂದು 'ಟಿ' ಹೆಚ್ಚಾಗಿ ಬಿದ್ದಿದೆ. ಡಬ್ಲ್ಯುಎಲ್‌ಎಸ್‌ನ ಡಿಕ್ ಬಿಯೊಂಡಿ ಅದನ್ನು ಹಾಕಿದರು. ಸಿಲ್ವರ್ ಡಾಲರ್ ಸರ್ವೆಯಲ್ಲಿ ಎರಡು ವಾರ ಇತ್ತು, 35ನೇ ಸ್ಥಾನದವರೆಗೆ ಬಂತು. ಆ ವರ್ಷ ಹಾಟ್ 100ರಲ್ಲಿ ಅದರ ಸುಳಿವಿಲ್ಲ. ಮರುವರ್ಷ ಬೀಟಲ್ಸ್ ಅಲೆ ಎದ್ದಾಗ ಅದೇ ಹಾಡು ಮತ್ತೆ ಬಂದು 3ನೇ ಸ್ಥಾನಕ್ಕೆ ಏರಿತು. ಹಾಡು ಅದೇ, ಧ್ವನಿ ಅದೇ. ಶಿಕಾಗೋದ ಕೆಲವು ಮಕ್ಕಳು ದೇಶಕ್ಕಿಂತ ಒಂದು ವರ್ಷ ಮೊದಲೇ ಕೇಳಿದ್ದರು.

ಇನ್ನು ಸ್ಟೇಷನ್‌ನ ಕಟ್ಟುಪಾಡು. 'ಗ್ಲೋರಿಯಾ' ಮೂಲದಲ್ಲಿ ಉತ್ತರ ಐರ್ಲೆಂಡಿನ ದೆಮ್ ತಂಡದ್ದು. ಹುಡುಗಿ ಕೋಣೆಗೆ ಬರುವ ಸಾಲಿದೆ ಅಂತ ಡಬ್ಲ್ಯುಎಲ್‌ಎಸ್ ಅದನ್ನು ಹಾಕಲಿಲ್ಲ. ಶಿಕಾಗೋ ಕಡೆಯ ಶ್ಯಾಡೋಸ್ ಆಫ್ ನೈಟ್ ತಂಡ ಆ ಸಾಲು ಬದಲಿಸಿ ಹಾಡಿತು. 1966ರಲ್ಲಿ ಇವರದು ಹಾಟ್ 100ರಲ್ಲಿ 10ನೇ ಸ್ಥಾನ ಮುಟ್ಟಿತು. ಮೂಲ ಹಾಡು ಮೊದಲ ಐವತ್ತಕ್ಕೂ ಬರಲಿಲ್ಲ. ಒಂದು ಊರಿನ ಸ್ಟೇಷನ್ 'ಬೇಡ' ಅಂದದ್ದು ದೇಶದ ಪಟ್ಟಿಯ ಮೇಲೂ ಗುರುತು ಬಿಟ್ಟಿತು.

ಒಬ್ಬರ ಹೆಸರು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ರೋಸಲಿ ಟ್ರಾಂಬ್ಲಿ. ಡೆಟ್ರಾಯ್ಟ್ ನದಿಯ ಆಚೆ ದಡದಲ್ಲಿ ಕೆನಡಾದ ವಿಂಡ್ಸರ್ ಇದೆ. ಅಲ್ಲಿನ ಸಿಕೆಎಲ್‌ಡಬ್ಲ್ಯು ಸ್ಟೇಷನ್‌ಗೆ ಟೆಲಿಫೋನ್ ಸ್ವಿಚ್‌ಬೋರ್ಡ್ ನೋಡಿಕೊಳ್ಳಲು ಸೇರಿದವರು ಮ್ಯೂಸಿಕ್ ಡೈರೆಕ್ಟರ್ ಆದರು. 50,000 ವಾಟ್‌ನ ಸ್ಟೇಷನ್ ಅದು, ರಾತ್ರಿ ಹೊತ್ತು ಎಷ್ಟೋ ರಾಜ್ಯಗಳಿಗೆ ಕೇಳಿಸುತ್ತಿತ್ತು. ಎಲ್ಟನ್ ಜಾನ್ ಅವರ 'ಬೆನ್ನಿ ಆ್ಯಂಡ್ ದ ಜೆಟ್ಸ್' ಆಲ್ಬಮ್‌ನಲ್ಲಿ ಸುಮ್ಮನೆ ಕೂತಿದ್ದ ಹಾಡು. ಡೆಟ್ರಾಯ್ಟ್‌ನ ಕಪ್ಪು ಜನ ಅದನ್ನು ಫೋನ್ ಮಾಡಿ ಮಾಡಿ ಕೇಳುತ್ತಿದ್ದುದನ್ನು ರೋಸಲಿ ಗಮನಿಸಿದರು. ಸಿಂಗಲ್ ಆಗಿ, ಅಂದರೆ ಬೇರೆಯೇ ರೆಕಾರ್ಡ್ ಮಾಡಿ ಬಿಡಿ ಅಂತ ಹೇಳಿದರು. ಎಲ್ಟನ್‌ಗೆ ಮೊದಲು ನಂಬಿಕೆ ಇರಲಿಲ್ಲ. 1974ರ ಏಪ್ರಿಲ್‌ನಲ್ಲಿ ಅದು ಹಾಟ್ 100ರ ತುದಿಯಲ್ಲಿತ್ತು. ಊರಿನ ಫೋನ್ ಎತ್ತುತ್ತಿದ್ದವರಿಗೆ ಮಾತ್ರ ಕೇಳಿಸುವ ಸಂಗತಿ ಇದು, ಅಲ್ವಾ?

ಹಾಗಂತ ಎಲ್ಲ ಸ್ಟೇಷನ್‌ಗಳೂ ಮೊದಲು ಹಾರುತ್ತಿರಲಿಲ್ಲ. ನ್ಯೂಯಾರ್ಕಿನ ಡಬ್ಲ್ಯುಎಬಿಸಿ ಬಹಳ ಜಾಗರೂಕ. ಅಂಗಡಿಯಲ್ಲಿ ಮಾರಾಟವಾಗುವುದು ಖಾತ್ರಿಯಾದ ಮೇಲೇ ಹಾಡು ಹಾಕುತ್ತಿದ್ದರು.

ಪ್ರಶ್ನೆ: ಡಿಜೆಗಳು ದುಡ್ಡು ತೆಗೆದುಕೊಂಡು ಹಾಡು ಹಾಕುತ್ತಿದ್ದರಂತೆ. ಹಾಗಿದ್ದರೆ ಊರಿನ ಪಟ್ಟಿಗೆ ಬೆಲೆ ಏನು?

ಉತ್ತರ: ಅದು ನಡೆದದ್ದು ನಿಜ. 'ಪೆಯೋಲಾ' ಅನ್ನುತ್ತಿದ್ದರು. 1960ರಲ್ಲಿ ಅಮೆರಿಕದ ಸಂಸತ್ತು ಅದನ್ನು ಅಪರಾಧ ಅಂತ ಕಾನೂನು ತಂದಿತು. ಹೆಸರಾಂತ ಡಿಜೆ ಅಲನ್ ಫ್ರೀಡ್ 1962ರಲ್ಲಿ ತಪ್ಪೊಪ್ಪಿಕೊಂಡರು. ಆದರೆ ದೇಶದ ಪಟ್ಟಿಯೂ ಅಂಗಡಿಯವರು, ಸ್ಟೇಷನ್‌ನವರು ಬಾಯಲ್ಲಿ ಹೇಳಿದ ಲೆಕ್ಕದ ಮೇಲೇ ನಿಂತಿತ್ತು. ಅದಕ್ಕೇ ನಾನು ಒಂದೇ ಹಾಳೆ ನೋಡಿ ತೀರ್ಮಾನಿಸುವುದಿಲ್ಲ. ಅದೇ ಊರಿನ ಎದುರಾಳಿ ಸ್ಟೇಷನ್‌ನ ಹಾಳೆ ಹುಡುಕುತ್ತೇನೆ. ಶಿಕಾಗೋದಲ್ಲಾದರೆ ಡಬ್ಲ್ಯುಎಲ್‌ಎಸ್ ಪಕ್ಕದಲ್ಲಿ ಡಬ್ಲ್ಯುಸಿಎಫ್‌ಎಲ್. ಎರಡರಲ್ಲೂ ಹಾಡು ಮೇಲಿದ್ದರೆ ಊರು ಅದನ್ನು ನಿಜವಾಗಿ ಕೇಳಿತ್ತು ಅಂತಲೇ ನನ್ನ ಲೆಕ್ಕ.

ಪ್ರಶ್ನೆ: ಈ ವ್ಯತ್ಯಾಸ ಯಾವಾಗ ಕಡಿಮೆಯಾಯಿತು?

ಉತ್ತರ: ನಿಧಾನವಾಗಿ. ಬಿಲ್ ಡ್ರೇಕ್ ಥರದ ರೇಡಿಯೊ ಸಲಹೆಗಾರರು 1960ರ ದಶಕದಲ್ಲೇ ಹಲವು ಊರಿನ ಸ್ಟೇಷನ್‌ಗಳನ್ನು ಒಂದೇ ಅಚ್ಚಿಗೆ ತಂದರು. 1991ರ ನವೆಂಬರ್‌ನಲ್ಲಿ ಹಾಟ್ 100ಕ್ಕೆ ಬಾರ್‌ಕೋಡ್ ಮಾರಾಟದ ಲೆಕ್ಕ, ಕಂಪ್ಯೂಟರ್ ಎಣಿಸಿದ ಪ್ರಸಾರದ ಲೆಕ್ಕ ಬಂದವು. ಒಂದು ಕಂಪನಿ ಎಷ್ಟು ಸ್ಟೇಷನ್ ಇಟ್ಟುಕೊಳ್ಳಬಹುದು ಅನ್ನುವ ಮಿತಿ ಸಡಿಲಿಸಿದ 1996ರ ಕಾನೂನಿನ ನಂತರ ನೂರಾರು ಸ್ಟೇಷನ್‌ಗಳು ಒಂದೇ ಕಂಪನಿಯ ಕೈಗೆ ಹೋದವು. ನಿಮ್ಮ ಹತ್ತಿರ ಆ ಹಾಳೆಗಳ ಪ್ರತಿ ಇದ್ದರೆ, ದೇಶದ ಪಟ್ಟಿಯಲ್ಲಿ ಸಿಗದ ಹಾಡುಗಳನ್ನೇ ಮೊದಲು ಹುಡುಕಿ ಕೇಳಿ. ನನಗೆ ಆ ಎರಡು ಟಿಕ್ಕಿನ ಹಾಡು ಸಿಗಲು ಮೂರು ವರ್ಷ ಹಿಡಿಯಿತು. ಸಿಕ್ಕ ದಿನ ರಾತ್ರಿ ಹನ್ನೊಂದು ಸಲ ಕೇಳಿದೆ.